ಮರ್ಫಿಯ ನೀಲಿ ಪುಸ್ತಕದಲ್ಲಿ ಪ್ಯಾಸಿವ್ ವಾಯ್ಸ್: ಕನ್ನಡಿಗರಿಗೆ ಎಷ್ಟು ಉಪಯೋಗ?

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ‘ಹಿ ರೈಟ್ಸ್ ಎ ಲೆಟರ್’ ಎಂಬ ವಾಕ್ಯ ಕೊಟ್ಟರೆ ‘ಎ ಲೆಟರ್ ಈಸ್ ರಿಟನ್ ಬೈ ಹಿಮ್’ ಎಂದು ಕಣ್ಣುಮುಚ್ಚಿ ಬದಲಾಯಿಸುತ್ತಾರೆ. ಅವರೇ ಮುಂದೆ ಆಫೀಸಿನ ಇಮೇಲ್‌ನಲ್ಲಿ ‘ದಿ ಮೀಟಿಂಗ್ ಪೋಸ್ಟ್‌ಪೋನ್ಡ್ ಟು ಮಂಡೇ’ ಎಂದು ಬರೆಯುತ್ತಾರೆ. ‘ಹ್ಯಾಸ್ ಬೀನ್’ ಬಿಟ್ಟುಹೋಗಿರುವುದು ಗೊತ್ತೇ ಆಗುವುದಿಲ್ಲ. ವಾಕ್ಯ ಬದಲಾಯಿಸುವುದನ್ನು ಕಲಿತಿದ್ದಾರೆ, ಪ್ಯಾಸಿವ್ (ಕನ್ನಡದ ಕರ್ಮಣಿ ಪ್ರಯೋಗ) ಯಾವಾಗ ಬೇಕು ಎಂಬುದನ್ನು ಯಾರೂ ಹೇಳಿಕೊಟ್ಟಿಲ್ಲ. ಆ ಕೊರತೆಗೆ ಒಳ್ಳೆಯ ಮದ್ದು ರೇಮಂಡ್ ಮರ್ಫಿಯವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’. ಇಡೀ ಪುಸ್ತಕದ ಗೊಡವೆಗೆ ಹೋಗದೆ, ಪ್ಯಾಸಿವ್‌ಗೆ ಮೀಸಲಾದ ಐದು ಯೂನಿಟ್‌ಗಳನ್ನಷ್ಟೇ ಇಲ್ಲಿ ಪರೀಕ್ಷಿಸಿದ್ದೇವೆ.

ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್‌ನ ಈ ಪುಸ್ತಕ ಮೊದಲು ಬಂದದ್ದು 1985ರಲ್ಲಿ. 2019ರಲ್ಲಿ ಬಂದ ಐದನೇ ಆವೃತ್ತಿಯಲ್ಲಿ 145 ಯೂನಿಟ್‌ಗಳಿವೆ. ಪ್ರತಿ ಯೂನಿಟ್ಟಿಗೆ ಎರಡು ಪುಟ: ಎಡಗಡೆ ವಿವರಣೆ, ಬಲಗಡೆ ಅಭ್ಯಾಸ. ಪ್ಯಾಸಿವ್ ಇರುವುದು 42ರಿಂದ 46ರವರೆಗೆ, ಅಂದರೆ ಒಟ್ಟು ಹತ್ತೇ ಪುಟ.

ಪುಸ್ತಕದಲ್ಲಿ ಕನ್ನಡ ಒಂದಕ್ಷರವೂ ಇಲ್ಲ, ನಿಜ. ಆದರೆ ಈ ಐದು ಯೂನಿಟ್‌ಗಳನ್ನು ಕನ್ನಡ ಪಕ್ಕದಲ್ಲಿಟ್ಟುಕೊಂಡು ಓದಿದರೆ ಬೇರೆಯದೇ ಬೆಳಕು ಬೀಳುತ್ತದೆ. ಶಾಲೆಯಲ್ಲಿ ಕರ್ಮಣಿ ಪ್ರಯೋಗಕ್ಕೆ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಎಂಬ ಉದಾಹರಣೆ ಕೇಳಿದ್ದೇವೆ. ಆಡುಮಾತಿನಲ್ಲಿ ‘ಅಲ್ಪಡು’ ಯಾರೂ ಬಳಸುವುದಿಲ್ಲ. ಹಾಗೆಂದು ಪ್ಯಾಸಿವ್ ಮಾಡುವ ಕೆಲಸವನ್ನು ಕನ್ನಡ ಮಾಡುವುದೇ ಇಲ್ಲವೆಂದಲ್ಲ. ‘ಮಾಡಲಾಗಿದೆ’, ‘ಕರೆದರು’, ‘ಕಟ್ಟಿಸಿದೆವು’, ‘ಶ್ರೀಮಂತರಂತೆ’ ಹೀಗೆ ನಾಲ್ಕಾರು ರೂಪಗಳಲ್ಲಿ ಮಾಡುತ್ತದೆ. ಮರ್ಫಿಯ ಯೂನಿಟ್‌ಗಳು ಹೆಚ್ಚುಕಡಿಮೆ ಇದೇ ರೂಪಗಳಿಗೆ ಒಂದೊಂದಾಗಿ ಹೊಂದಿಕೊಳ್ಳುತ್ತವೆ.

42ನೇ ಯೂನಿಟ್ ‘ಈಸ್ ಡನ್’, ‘ವಾಸ್ ಡನ್’ ಬಗ್ಗೆ. ಮಾಡಿದವರು ಯಾರೆಂದು ಗೊತ್ತಿಲ್ಲದಿದ್ದಾಗ, ಅಥವಾ ಅದು ಮುಖ್ಯವಲ್ಲದಾಗ ಪ್ಯಾಸಿವ್ ಬಳಸುತ್ತೇವೆ ಎಂಬ ಮಾತು ಇಲ್ಲೇ ಸ್ಪಷ್ಟವಾಗುತ್ತದೆ. ಮಾಡಿದವರನ್ನು ಹೇಳಲೇಬೇಕಾದಾಗ ಮಾತ್ರ ‘ಬೈ’. ನಮ್ಮ ಗೈಡ್‌ಗಳಲ್ಲಿ ಎಲ್ಲ ವಾಕ್ಯಕ್ಕೂ ‘ಬೈ ಹಿಮ್’, ‘ಬೈ ದೆಮ್’ ಅಂಟಿಸುವ ಅಭ್ಯಾಸದಿಂದ ಬಂದವರು ಈ ಪುಟವನ್ನು ಎರಡು ಸಲ ಓದಬೇಕು. ಕನ್ನಡಿಗರು ಎಡವುವ ಜಾಗವೊಂದು ಇಲ್ಲಿದೆ. ‘ಈ ರಸ್ತೆಯನ್ನು ಮುಚ್ಚಲಾಗಿದೆ’ ಎಂಬ ಫಲಕ ನೋಡಿ. ರಸ್ತೆಗೆ ‘ಅನ್ನು’ ಹಾಗೇ ಉಳಿದಿದೆ. ‘ರಸ್ತೆಗಳನ್ನು’ ಎಂದರೂ ‘ಮುಚ್ಚಲಾಗಿದೆ’ ಬದಲಾಗದು. ಇಂಗ್ಲಿಷಿನಲ್ಲಿ ಹಾಗಲ್ಲ, ರಸ್ತೆಯೇ ಕರ್ತೃವಿನ ಜಾಗಕ್ಕೆ ಬಂದು ಕ್ರಿಯಾಪದವನ್ನು ಹಿಡಿಯುತ್ತದೆ. ಹೀಗಾಗಿಯೇ ನಮ್ಮವರ ಬರಹದಲ್ಲಿ ‘ದಿ ರೋಡ್ಸ್ ಹ್ಯಾಸ್ ಬೀನ್ ಕ್ಲೋಸ್ಡ್’ ನುಸುಳುತ್ತದೆ. ಸರಿ ರೂಪ ‘ಹ್ಯಾವ್ ಬೀನ್’. ವಾಕ್ಯ ಬರೆದ ಮೇಲೆ ಮೊದಲ ನಾಮಪದ ಏಕವಚನವೋ ಬಹುವಚನವೋ ಎಂದು ಬೆರಳಿಟ್ಟು ನೋಡಿದರೆ ಈ ತಪ್ಪು ಬಹುಪಾಲು ಸಿಕ್ಕಿಬೀಳುತ್ತದೆ.

43ನೇ ಯೂನಿಟ್ ಈ ಐದರಲ್ಲಿ ಅತ್ಯಂತ ದಟ್ಟವಾದದ್ದು. ‘ಬಿ ಡನ್’, ‘ಬೀನ್ ಡನ್’, ‘ಬೀಯಿಂಗ್ ಡನ್’ ಮೂರೂ ಎರಡೇ ಪುಟದಲ್ಲಿ ಬರುತ್ತವೆ. ಒಂದೇ ದಿನಕ್ಕೆ ಮುಗಿಸಲು ಹೋದರೆ ‘ಬೀನ್’, ‘ಬೀಯಿಂಗ್’ ಕಲಸಿಹೋಗುತ್ತವೆ, ಕಿವಿಗೂ ಎರಡೂ ಹತ್ತಿರ ಹತ್ತಿರವೇ ಕೇಳಿಸುತ್ತವೆ. ಕನ್ನಡದ ಆಸರೆ ಹಿಡಿಯಿರಿ: ‘ರಿಪೇರಿ ಮಾಡಲಾಗಿದೆ’ ಅಂದರೆ ‘ಹ್ಯಾಸ್ ಬೀನ್ ರಿಪೇರ್ಡ್’, ‘ರಿಪೇರಿ ಮಾಡಲಾಗುತ್ತಿದೆ’ ಅಂದರೆ ‘ಈಸ್ ಬೀಯಿಂಗ್ ರಿಪೇರ್ಡ್’. ಹ್ಯಾವ್, ಹ್ಯಾಸ್, ಹ್ಯಾಡ್ ಜೊತೆಗೆ ಬೀನ್. ಆಮ್, ಈಸ್, ಆರ್, ವಾಸ್, ವರ್ ಜೊತೆಗೆ ಬೀಯಿಂಗ್. ವಿಲ್, ಕ್ಯಾನ್, ಮಸ್ಟ್ ಜೊತೆಗೆ ಬರೀ ಬಿ. ಮೊದಲ ದಿನ ‘ಬಿ’, ಎರಡನೇ ದಿನ ‘ಬೀನ್’, ಮೂರನೇ ದಿನ ‘ಬೀಯಿಂಗ್’, ಆಮೇಲೆ ಬಲಪುಟದ ಅಭ್ಯಾಸ ಎಂದು ಹಂಚಿಕೊಂಡರೆ ಜೀರ್ಣವಾಗುತ್ತದೆ.

ಇದಕ್ಕೆ ಮೊದಲು ಕ್ರಿಯಾಪದದ ಮೂರನೇ ರೂಪ, ತರಗತಿಯಲ್ಲಿ ನಾವು ‘ವಿ3’ ಎನ್ನುತ್ತೇವಲ್ಲ, ಅದು ಗಟ್ಟಿ ಇರಬೇಕು. ‘ದಿ ಗ್ಲಾಸ್ ವಾಸ್ ಬ್ರೋಕ್’ ಎಂಬ ತಪ್ಪಿನ ಮೂಲ ವಾಯ್ಸ್ ಅಲ್ಲ, ‘ಬ್ರೋಕನ್’ ಬಾಯಿಗೆ ಬಾರದೇ ಇರುವುದು. ಪುಸ್ತಕದ ಹಿಂಭಾಗದ ಮೊದಲ ಅಪೆಂಡಿಕ್ಸ್‌ನಲ್ಲಿ ಪಟ್ಟಿ ಇದೆ. ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡಿಕೊಂಡೇ 42ಕ್ಕೆ ಬನ್ನಿ.

44ನೇ ಯೂನಿಟ್‌ನಲ್ಲಿ ಗಿವ್, ಆಫರ್, ಟೆಲ್, ಶೋ ತರಹದ ಎರಡು ಕರ್ಮವಿರುವ ಕ್ರಿಯಾಪದಗಳಿವೆ. ‘ನನಗೆ ಕೆಲಸ ಕೊಟ್ಟರು’ ಎನ್ನುವಲ್ಲಿ ಇಂಗ್ಲಿಷಿನವರು ಸಹಜವಾಗಿ ‘ಐ ವಾಸ್ ಆಫರ್ಡ್ ಎ ಜಾಬ್’ ಎನ್ನುತ್ತಾರೆ. ‘ನನಗೆ’ ಎಂಬುದು ‘ಐ’ ಆಗುವುದು ನಮಗೆ ಸುಲಭಕ್ಕೆ ಹೊಳೆಯುವುದಿಲ್ಲ, ಹಾಗಾಗಿ ಇದನ್ನು ಬಾಯಲ್ಲಿ ಹೇಳಿ ಹೇಳಿ ರೂಢಿಸಿಕೊಳ್ಳಬೇಕು. ಆದರೆ ರೂಢಿಯಾದ ಮೇಲೆ ಇನ್ನೊಂದು ಅಪಾಯ: ‘ಐ ವಾಸ್ ಎಕ್ಸ್‌ಪ್ಲೇನ್ಡ್ ದಿ ರೂಲ್ಸ್’. ಎಕ್ಸ್‌ಪ್ಲೇನ್ ಈ ಗುಂಪಿಗೆ ಸೇರದು. ‘ದಿ ರೂಲ್ಸ್ ವರ್ ಎಕ್ಸ್‌ಪ್ಲೇನ್ಡ್ ಟು ಮಿ’ ಎನ್ನಬೇಕು. ಎಕ್ಸ್‌ಪ್ಲೇನ್ ವಿಷಯವನ್ನು ಮರ್ಫಿ ಬಹಳ ದೂರದ ಪ್ರಿಪೊಸಿಷನ್ ಭಾಗದಲ್ಲಿಟ್ಟಿದ್ದಾರೆ. ಇಲ್ಲೇ ಒಂದು ಸಾಲಿನ ಎಚ್ಚರಿಕೆ ಇದ್ದಿದ್ದರೆ ಚೆನ್ನಾಗಿತ್ತು.

45ನೇ ಯೂನಿಟ್‌ನ ‘ಹಿ ಈಸ್ ಸೆಡ್ ಟು’ ಎಂಬುದನ್ನು ಅನೇಕರು ಪುಸ್ತಕದ ಭಾಷೆ ಎಂದು ಹಾರಿಸಿಬಿಡುತ್ತಾರೆ. ಹಾರಿಸಬೇಡಿ. ಇದು ನಮ್ಮ ‘ಅಂತೆ’. ‘ಅವರು ತುಂಬಾ ಶ್ರೀಮಂತರಂತೆ’ ಎಂಬುದೇ ‘ಹಿ ಈಸ್ ಸೆಡ್ ಟು ಬಿ ವೆರಿ ರಿಚ್’. ಸುದ್ದಿ ಬರೆಯುವವರಿಗೆ, ಅನುವಾದ ಮಾಡುವವರಿಗೆ ಈ ಎರಡು ಪುಟ ದಿನನಿತ್ಯದ ಸರಕು.

ಕನ್ನಡಿಗರಿಗೆ ನಿಜವಾದ ನಿಧಿ 46ನೇ ಯೂನಿಟ್, ‘ಹ್ಯಾವ್ ಸಮ್‌ಥಿಂಗ್ ಡನ್’. ಮಾಡಿಸು, ಕಟ್ಟಿಸು, ಹೊಲಿಸು, ತೊಳೆಸು: ಒಂದು ‘ಇಸು’ ಸೇರಿಸಿ ನಾವು ಸಲೀಸಾಗಿ ಹೇಳುವುದನ್ನು ಇಂಗ್ಲಿಷಿನಲ್ಲಿ ಹೇಳಲು ಪರದಾಡುತ್ತೇವೆ. ‘ನಿನ್ನೆ ಕಟಿಂಗ್ ಮಾಡಿಸಿದೆ’ ಎನ್ನಲು ಹೋಗಿ ‘ಐ ಕಟ್ ಮೈ ಹೇರ್’ ಎಂದರೆ ಕೇಳಿದವರಿಗೆ ತಾನೇ ಕತ್ತರಿ ಹಿಡಿದು ಕತ್ತರಿಸಿಕೊಂಡ ಅರ್ಥ ಬರುತ್ತದೆ. ‘ಐ ಹ್ಯಾಡ್ ಮೈ ಹೇರ್ ಕಟ್’ ಎನ್ನಬೇಕು. ಹ್ಯಾವ್, ಆಮೇಲೆ ವಸ್ತು, ಆಮೇಲೆ ವಿ3, ಈ ಕ್ರಮ ತಪ್ಪಿದರೆ ಅರ್ಥವೇ ಬದಲು: ‘ಐ ಹ್ಯಾಡ್ ಕಟ್ ಮೈ ಹೇರ್’ ಎಂದರೆ ಮತ್ತೆ ನಾನೇ ಕತ್ತರಿಸಿಕೊಂಡಂತೆ. ಬೈಕ್ ಸರ್ವಿಸ್ ಮಾಡಿಸುವುದು, ರವಿಕೆ ಹೊಲಿಸುವುದು, ಮನೆಗೆ ಬಣ್ಣ ಹೊಡೆಸುವುದು ಎಂದು ನಿಮ್ಮದೇ ಇಪ್ಪತ್ತು ‘ಇಸು’ ವಾಕ್ಯ ಬರೆದು ತಿರುಗಿಸಿ. ಪುಸ್ತಕದ ಅಭ್ಯಾಸಕ್ಕಿಂತ ಇದು ಹೆಚ್ಚು ನಾಟುತ್ತದೆ.

ಕೊರತೆಗಳೂ ಇವೆ. ನಮ್ಮಲ್ಲಿ ಕೇಳುವ ‘ಚೇಂಜ್ ದಿ ವಾಯ್ಸ್’ ಮಾದರಿಯ ಪ್ರಶ್ನೆಗೆಂದು ಈ ಪುಸ್ತಕ ಬರೆದದ್ದಲ್ಲ. ‘ಶಟ್ ದಿ ಡೋರ್’ ಎಂಬುದನ್ನು ‘ಲೆಟ್ ದಿ ಡೋರ್ ಬಿ ಶಟ್’ ಮಾಡುವುದು, ‘ಹೂ’ ಎಂಬುದನ್ನು ‘ಬೈ ಹೂಮ್’ ಮಾಡುವುದು ಇಲ್ಲಿ ಸಿಗದು. ಪರೀಕ್ಷೆ ಎದುರಿಗಿದ್ದರೆ ರೆನ್ ಅಂಡ್ ಮಾರ್ಟಿನ್ ತರಹದ ಹಳೆಯ ಪುಸ್ತಕವೇ ಬೇಕು. ಇನ್ನೊಂದು, ಹ್ಯಾಪನ್, ಡೈ, ಅರೈವ್ ಮುಂತಾದ ಅಕರ್ಮಕ ಕ್ರಿಯಾಪದಗಳಿಗೆ ಪ್ಯಾಸಿವ್ ಇಲ್ಲ ಎಂಬುದಕ್ಕೆ ಪ್ರತ್ಯೇಕ ಯೂನಿಟ್ ಇಲ್ಲ. ನಮ್ಮವರ ವರದಿಗಳಲ್ಲಿ ‘ದಿ ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಕಾಣಿಸಿಕೊಳ್ಳುವುದರಿಂದ ಕಲಿಸುವವರು ಇದನ್ನು ತಾವೇ ಸೇರಿಸಬೇಕು. ‘ಏನನ್ನು?’, ‘ಯಾರನ್ನು?’ ಎಂದು ಕ್ರಿಯಾಪದವನ್ನು ಕೇಳಿ. ಉತ್ತರ ಬಾರದಿದ್ದರೆ ‘ವಾಸ್’ ತೆಗೆದುಹಾಕಿ.

ಕೊಳ್ಳುವಾಗ ‘ವಿತ್ ಆನ್ಸರ್ಸ್’ ಎಂದು ಮುಖಪುಟದಲ್ಲಿ ಇದೆಯೇ ನೋಡಿಕೊಳ್ಳಿ. ಉತ್ತರವಿಲ್ಲದ ಆವೃತ್ತಿಯೂ ಮಾರುಕಟ್ಟೆಯಲ್ಲಿದೆ, ತಾವೇ ಓದಿಕೊಳ್ಳುವವರಿಗೆ ಅದು ಪ್ರಯೋಜನಕ್ಕಿಲ್ಲ. ಇ-ಬುಕ್ ಕೋಡ್ ಸೇರಿರುವ ಪ್ರತಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡರೆ ಕೋಡ್ ಈಗಾಗಲೇ ಬಳಕೆಯಾಗಿರಬಹುದು. ಮುದ್ರಿತ ಪುಟಗಳಿಗಷ್ಟೇ ಬೆಲೆ ಕಟ್ಟಿ. ಹಳೆಯ ಆವೃತ್ತಿ ಸಿಕ್ಕರೂ ಪ್ಯಾಸಿವ್ ಮಟ್ಟಿಗೆ ನಷ್ಟವೇನಿಲ್ಲ, ಯೂನಿಟ್ ಸಂಖ್ಯೆ ಮಾತ್ರ ವಿಷಯಸೂಚಿಯಲ್ಲಿ ನೋಡಿಕೊಳ್ಳಿ. ‘ಈಸ್’, ‘ವಾಸ್’ ವ್ಯತ್ಯಾಸವೇ ಇನ್ನೂ ತಡವರಿಸುತ್ತಿದ್ದರೆ ಈ ನೀಲಿ ಪುಸ್ತಕ ಬೇಡ, ಮರ್ಫಿಯವರದೇ ಕೆಂಪು ‘ಎಸೆನ್ಷಿಯಲ್ ಗ್ರಾಮರ್ ಇನ್ ಯೂಸ್’ ಕೊಳ್ಳಿ. ಉತ್ತರಗಳನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ತಿಂಗಳು ಬಿಟ್ಟು ಅಳಿಸಿ ಮತ್ತೊಮ್ಮೆ ಬರೆದಾಗ ಎಲ್ಲಿ ಎಡವುತ್ತೀರೋ ಆ ಯೂನಿಟ್ಟಿನ ಎಡಪುಟಕ್ಕೆ ಮರಳಿ.