ಬಟ್ಟೆ ಚೀಲವೋ, ಐಸ್ ಬಾಕ್ಸೋ, ತಿಳಿ ತೆಗೆದು ಕುದಿಸುವುದೋ: ಮನೆಯಲ್ಲಿ ಮಾಲ್ಟ್ ರಸ ತೆಗೆಯುವ ಮೂರು ದಾರಿ

ಬಿಯರ್ ಮಾಡುವ ಕೆಲಸದಲ್ಲಿ ಎರಡು ಭಾಗ ಇದೆ. ಮೊಳಕೆ ಬರಿಸಿ ಒಣಗಿಸಿದ ಧಾನ್ಯವನ್ನು, ಅಂದರೆ ಮಾಲ್ಟ್ ಅನ್ನು, ಬಿಸಿ ನೀರಲ್ಲಿ ನೆನೆಸಿ, ಅದರ ಪಿಷ್ಟವನ್ನು ಸಕ್ಕರೆಯಾಗಿಸಿ, ಸಿಹಿ ರಸ ಬಸಿಯುವುದು ಮೊದಲನೆಯದು. ಆ ರಸಕ್ಕೆ ಈಸ್ಟ್ ಹಾಕಿ ಹುದುಗಿಸುವುದು ಎರಡನೆಯದು. ನಾನು ಮಾಡುವುದು ಮೊದಲನೆಯದು ಮಾತ್ರ. ಬ್ರಿಟನ್ನಿನಲ್ಲಿ 1963ರಿಂದ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಲೈಸೆನ್ಸ್ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ರಸ ಕುದಿಸಿ, ತಣಿಸಿ, ಹಾಗೇ ಕುಡಿಯುತ್ತೇವೆ. ನೈಜೀರಿಯಾದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ಹುದುಗಿಸದ ಮಾಲ್ಟ್ ಪಾನೀಯ ಬಾಟಲಿಯಲ್ಲೇ ಮಾರಾಟಕ್ಕಿದೆ. ನಮ್ಮ ಮನೆಯಲ್ಲಿ ಮಕ್ಕಳೂ ಕುಡಿಯುತ್ತಾರೆ, ಆಯಿಯೂ ಕುಡಿಯುತ್ತಾಳೆ.

ನನ್ನ ಮಟ್ಟಿಗೆ ನಿಜವಾದ ಕೈಚಳಕ ಇರುವುದು ಈ ಮೊದಲ ಭಾಗದಲ್ಲೇ. ಇದಕ್ಕೆ ದೊಡ್ಡ ಸಲಕರಣೆ ಬೇಕು ಎಂದು ಹಲವರು ಹೆದರುತ್ತಾರೆ. ಬೇಡ. ಕಾರವಾರದ ಬಾಡಿಗೆ ಮನೆಯಲ್ಲೂ ಶಿರಸಿ ಹತ್ತಿರದ ನಮ್ಮ ಊರಿನ ಮನೆಯಲ್ಲೂ ಮೂರು ವಿಧಾನ ಮಾಡಿ ನೋಡಿದ್ದೇನೆ. ಪ್ರತಿ ಸಲ ಒಂದು ಕಿಲೋ ಮಾಲ್ಟ್. ಕೊನೆಗೆ ಆರು ಲೀಟರ್ ರಸ ಬರುವಂತೆ ನೀರಿನ ಲೆಕ್ಕ.

ವಿಧಾನಕ್ಕಿಂತ ಮೊದಲು ಧಾನ್ಯದ ಮಾತು. ಕಿರಾಣಿ ಅಂಗಡಿಯ ಬಿಳಿ ಬಾರ್ಲಿ ಇದಕ್ಕೆ ಬರುವುದಿಲ್ಲ. ಅದನ್ನು ಪಾಲಿಶ್ ಮಾಡಿರುತ್ತಾರೆ, ಮೊಳಕೆ ಬರುವುದಿಲ್ಲ. ಸಿಪ್ಪೆ ಇರುವ ಇಡೀ ಬಾರ್ಲಿ (ಜವೆಗೋಧಿ) ಬೇಕು, ಇಲ್ಲವಾದರೆ ಆನ್‌ಲೈನ್‌ನಲ್ಲಿ ಸಿಗುವ ಬಾರ್ಲಿ ಮಾಲ್ಟ್ ತರಿಸಬೇಕು. ರಾಗಿ ಸುಲಭ. ಒಂದು ರಾತ್ರಿ ನೆನೆಸಿ, ಎರಡು ಮೂರು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಒಣಗಿಸಿ, ಉಜ್ಜಿ ಬೇರು ಉದುರಿಸಿದರೆ ಆಯಿತು. ಹುರಿಯಬಾರದು. ಹುರಿದರೆ ಪರಿಮಳ ಬರುತ್ತದೆ, ಆದರೆ ಪಿಷ್ಟ ಕರಗಿಸುವ ಕಿಣ್ವ ಸಾಯುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ರಾಗಿ ಒಣಗಿಸುವ ಆಸೆಯನ್ನೇ ಬಿಡಬೇಕು. ನಾನು ಬೇಸಿಗೆಯಲ್ಲೇ ಊರಲ್ಲಿ ಮಾಡಿಸಿ ಗಾಳಿಯಾಡದ ಡಬ್ಬಿಯಲ್ಲಿ ತರುತ್ತೇನೆ.

ಒಡೆಯುವುದಕ್ಕೆ ಮಿಕ್ಸಿ, ಹಿಟ್ಟಿನ ಗಿರಣಿ, ಬೀಸುಕಲ್ಲು ಮೂರನ್ನೂ ನೋಡಿದೆ. ಗಿರಣಿಯಲ್ಲಿ ಹಿಟ್ಟೇ ಆಗಿ ಬರುತ್ತದೆ. ಮಿಕ್ಸಿಯಲ್ಲಿ ಅರ್ಧ ಹಿಟ್ಟು, ಅರ್ಧ ಇಡೀ ಕಾಳು. ಬಾರ್ಲಿಗೆ ಬೀಸುಕಲ್ಲಿಗೆ ಸಾಟಿ ಇಲ್ಲ. ಒಳಗಿನ ಕಾಳು ರವೆಯಾಗುತ್ತದೆ, ಹೊರಗಿನ ಸಿಪ್ಪೆ ಹರಿಯದೆ ಉಳಿಯುತ್ತದೆ. ಆ ಸಿಪ್ಪೆಯೇ ಮುಂದೆ ಸೋಸಣಿಗೆ. ಊರ ಮನೆಯ ಮೂಲೆಯಲ್ಲಿ ಬೀಸುಕಲ್ಲು ಸುಮ್ನೆ ಕೂತಿದ್ದರೆ ಅದನ್ನು ತೊಳೆದು ಇಡಿ.

ಇನ್ನು ಅಳತೆ. ರಸದಲ್ಲಿ ಎಷ್ಟು ಸಕ್ಕರೆ ಇಳಿದಿದೆ ಎಂದು ನೋಡಲು ನಾನು ಬಳಸುವುದು ಹಾಲಿನ ಡೈರಿಯ ಲ್ಯಾಕ್ಟೋಮೀಟರ್. ಅದು ಅಳೆಯುವುದು ದ್ರವದ ಸಾಂದ್ರತೆ, ಸಕ್ಕರೆ ಹೆಚ್ಚಿದಷ್ಟೂ ಅಂಕಿ ಏರುತ್ತದೆ. ಅದು ಹಾಲೇ ಆಗಬೇಕೆಂದಿಲ್ಲ. 30 ಎಂದು ತೋರಿಸಿದರೆ ಬಿಯರ್‌ನವರ ಹೈಡ್ರೋಮೀಟರ್ ಭಾಷೆಯಲ್ಲಿ 1.030, ಅಂದರೆ ನೀರಿನ 1.030 ಪಟ್ಟು ಸಾಂದ್ರತೆ. ಸಾಮಾನ್ಯ ಲ್ಯಾಕ್ಟೋಮೀಟರ್ 40ಕ್ಕೆ ಮುಗಿಯುತ್ತದೆ. ರಸ ಅದಕ್ಕಿಂತ ದಪ್ಪವಿದ್ದರೆ ಸಮ ನೀರು ಬೆರೆಸಿ ಅಳೆದು, ಬಂದ ಅಂಕಿಯನ್ನು ದುಪ್ಪಟ್ಟು ಮಾಡಿದರಾಯಿತು. ರಸ ಪೂರ್ತಿ ತಣ್ಣಗಾಗಿರಬೇಕು, ಅಷ್ಟೇ. ಪಿಷ್ಟ ಉಳಿದಿದೆಯೇ ಎಂದು ತಿಳಿಯಲು ಮೆಡಿಕಲ್ ಶಾಪ್‌ನ ಅಯೋಡಿನ್. ಬಿಳಿ ತಟ್ಟೆಯ ಮೇಲೆ ಒಂದು ಹನಿ ರಸ, ಅದಕ್ಕೆ ಒಂದು ಹನಿ ಅಯೋಡಿನ್. ಕಪ್ಪು ನೀಲಿಯಾದರೆ ಇನ್ನೂ ಪಿಷ್ಟ ಇದೆ. ಕಂದು ಬಣ್ಣದಲ್ಲೇ ಉಳಿದರೆ ಕೆಲಸ ಆಗಿದೆ. ಪರೀಕ್ಷೆ ಮಾಡಿದ ಹನಿಯನ್ನು ಚೆಲ್ಲಬೇಕು.

ಮೊದಲು ಬಟ್ಟೆ ಚೀಲ. ಈ ವಿಧಾನ ಬೆಳೆದದ್ದು ಆಸ್ಟ್ರೇಲಿಯಾದಲ್ಲಿ, ಮನೆಯಲ್ಲಿ ಬಿಯರ್ ಮಾಡುವವರ ನಡುವೆ. ಒಂದೇ ಪಾತ್ರೆ, ಒಂದು ಚೀಲ, ಒಂದು ಒಲೆ. ಹತ್ತು ಲೀಟರ್ ಹಿಡಿಸುವ ಸ್ಟೀಲ್ ಪಾತ್ರೆಯಲ್ಲಿ ಏಳು ಲೀಟರ್‌ಗಿಂತ ಸ್ವಲ್ಪ ಜಾಸ್ತಿ ನೀರು ಇಟ್ಟು 68 ಡಿಗ್ರಿಗೆ ಬಿಸಿ ಮಾಡುತ್ತೇನೆ. ಚೀಲವನ್ನು ಪಾತ್ರೆಯೊಳಗೆ ಇಳಿಬಿಟ್ಟು ಒಡೆದ ಮಾಲ್ಟ್ ಸುರಿದು ಕೈಯಾಡಿಸಿದರೆ 66ಕ್ಕೆ ಬಂದು ನಿಲ್ಲುತ್ತದೆ. ಮುಚ್ಚಳ ಹಾಕಿ, ಹಳೆಯ ಕಂಬಳಿ ಸುತ್ತಿ, ಒಂದು ಗಂಟೆ ಬಿಡುವುದು. ಆಮೇಲೆ ಚೀಲ ಎತ್ತಿ, ನೇತು ಹಾಕಿ, ಹಿಂಡುವುದು.

ಚೀಲದ ಬಟ್ಟೆ ಯಾವುದು ಎಂಬುದು ಮುಖ್ಯ. ಪಂಚೆ ಬಟ್ಟೆ ನೀರು ಕುಡಿದು ಉಬ್ಬಿ ಕಟ್ಟಿಕೊಳ್ಳುತ್ತದೆ, ರಸ ಹನಿ ಹನಿಯಾಗಿ ಇಳಿಯುತ್ತದೆ. ಸೊಳ್ಳೆ ಪರದೆಯ ಕಣ್ಣು ದೊಡ್ಡದು, ಹಿಟ್ಟೆಲ್ಲ ಹೊರಗೆ. ಕಿಟಕಿ ಪರದೆಗೆ ಹಾಕುವ ತೆಳ್ಳನೆಯ ಬಿಳಿ ಪಾಲಿಯೆಸ್ಟರ್ ಬಟ್ಟೆ ಸರಿಯಾಗಿ ಕೂರುತ್ತದೆ. ಬಣ್ಣ ಹಾಕದ್ದನ್ನೇ ನೋಡಿ ತಂದು, ದಪ್ಪ ಹೊಲಿಗೆ ಹಾಕಿಸಿ, ಒಮ್ಮೆ ಕುದಿಸಿ ಬಳಸಬೇಕು. ಹಿಂಡಿದರೆ ಒಗರು ಬರುತ್ತದೆ ಎನ್ನುವವರಿದ್ದಾರೆ. ನನ್ನ ನಾಲಿಗೆಗೆ ಹಿಂಡಿದ್ದಕ್ಕೂ ಹಿಂಡದ್ದಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ. ಒಗರು ಬರುವುದು 77 ಡಿಗ್ರಿಗಿಂತ ಜಾಸ್ತಿ ಬಿಸಿಯ ನೀರನ್ನು ಸಿಪ್ಪೆಯ ಮೇಲೆ ಮತ್ತೆ ಮತ್ತೆ ಸುರಿದಾಗ. ಹಿಂಡುವುದರಿಂದ ಅರ್ಧ ಲೀಟರ್ ರಸ ಹೆಚ್ಚು ಸಿಗುತ್ತದೆ, ಬಿಡುವುದು ಯಾಕೆ?

ಬಾರ್ಲಿ ಮಾಲ್ಟ್‌ಗೆ ಲ್ಯಾಕ್ಟೋಮೀಟರ್ 36ರ ಆಸುಪಾಸು ತೋರಿಸಿತು. ಗಂಟೆಯ ಕೊನೆಗೆ ಪಾತ್ರೆಯ ಬಿಸಿ ಮೂರು ಡಿಗ್ರಿ ಇಳಿದಿತ್ತು. ಕಾರವಾರದ ಸೆಕೆಯಲ್ಲಿ ಇದು ಲೆಕ್ಕಕ್ಕೇ ಇಲ್ಲ. ಶಿರಸಿಯ ಡಿಸೆಂಬರ್ ಬೆಳಿಗ್ಗೆ ಇನ್ನೂ ಜಾಸ್ತಿ ಇಳಿಯುತ್ತದೆ. ಆಗ ಕಂಬಳಿ ಎರಡು ಸುತ್ತಬೇಕು. ಬಿಸಿ ಯಾಕೆ ಇಷ್ಟು ಮುಖ್ಯ ಅಂದರೆ, ಮಾಲ್ಟ್‌ನಲ್ಲಿ ಕೆಲಸ ಮಾಡುವ ಕಿಣ್ವಗಳು ಮುಖ್ಯವಾಗಿ ಎರಡು. ಒಂದಕ್ಕೆ 60ರಿಂದ 65 ಡಿಗ್ರಿ ಹಿತ, ಅದು ಸಿಹಿ ಕೊಡುತ್ತದೆ. ಇನ್ನೊಂದಕ್ಕೆ 68ರಿಂದ 72, ಅದು ಪಿಷ್ಟವನ್ನು ದೊಡ್ಡ ತುಂಡಾಗಿ ಕತ್ತರಿಸಿ ರಸಕ್ಕೆ ಮೈ, ಅಂದರೆ ಬಾಯಿಗೆ ದಪ್ಪ, ಕೊಡುತ್ತದೆ. 66ರಲ್ಲಿ ಎರಡೂ ಕೆಲಸ ಮಾಡುತ್ತವೆ. ಹುದುಗಿಸದೆ ಕುಡಿಯುವವರಿಗೆ ಒಂದೆರಡು ಡಿಗ್ರಿ ಮೇಲೇ ಇದ್ದರೆ ಒಳ್ಳೆಯದು, ಸಿಹಿ ಮುಖಕ್ಕೆ ಹೊಡೆಯುವುದಿಲ್ಲ.

ಐಸ್ ಬಾಕ್ಸ್ ವಿಧಾನವನ್ನು ಹೊರದೇಶದಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ತುಂಬಾ ಹೊಗಳುತ್ತಾರೆ. ತಣ್ಣಗಿಡುವ ಪೆಟ್ಟಿಗೆ ಬಿಸಿಯನ್ನೂ ಹಿಡಿದಿಡುತ್ತದೆ ಅಲ್ವಾ, ಅದೇ ತತ್ವ. ಕಾರವಾರದ ಬೈತಕೋಲ ಬಂದರಿನಲ್ಲಿ ಮೀನಿಗೆ ಬಳಸುವಂಥ ದಪ್ಪ ಗೋಡೆಯ ಪ್ಲಾಸ್ಟಿಕ್ ಪೆಟ್ಟಿಗೆ. ಆದರೆ ಹೊಸದೇ ಬೇಕು. ಮೀನಿನ ವಾಸನೆ ಪ್ಲಾಸ್ಟಿಕ್‌ಗೆ ಒಮ್ಮೆ ಇಳಿದರೆ ಹೋಗುವುದಿಲ್ಲ. ಬರೀ ಥರ್ಮಾಕೋಲ್ ಪೆಟ್ಟಿಗೆಗೆ ಬಿಸಿ ನೀರು ಹಾಕಲೇಬಾರದು. ಕೆಳಗೆ ನಲ್ಲಿ, ಒಳಗೆ ನಲ್ಲಿಯ ಬಾಯಿಗೆ ಸ್ಟೀಲ್ ಜಾಲರಿ. ಒಂದು ಕಿಲೋಗೆ ಮೂರು ಲೀಟರ್ ನೀರು. ಕಡಿಮೆ ನೀರಾದ್ದರಿಂದ ಧಾನ್ಯ ಹೆಚ್ಚು ಬಿಸಿ ಎಳೆದುಕೊಳ್ಳುತ್ತದೆ, ನೀರು 71 ಡಿಗ್ರಿ ಇರಬೇಕು.

ಥರ್ಮಾಮೀಟರ್ ಇಲ್ಲದವರಿಗೆ ಒಂದು ಲೆಕ್ಕ. ಕಾರವಾರದಲ್ಲಿ ಮೂರು ಪಾಲು ಕುದಿಯುವ ನೀರಿಗೆ ಎರಡು ಪಾಲು ನಲ್ಲಿ ನೀರು ಬೆರೆಸಿದರೆ 71ರ ಹತ್ತಿರ ಬರುತ್ತದೆ. ಶಿರಸಿ ಸಮುದ್ರ ಮಟ್ಟಕ್ಕಿಂತ ಸುಮಾರು 600 ಮೀಟರ್ ಮೇಲಿದೆ, ಅಲ್ಲಿ ನೀರು 98ಕ್ಕೇ ಕುದಿಯುತ್ತದೆ. ಚಳಿಗಾಲದಲ್ಲಿ ಬಾವಿ ನೀರೂ ತಣ್ಣಗಿರುತ್ತದೆ. ಅಲ್ಲಿ ಎರಡಕ್ಕೆ ಒಂದು. ಪೆಟ್ಟಿಗೆಯನ್ನು ಮೊದಲೇ ಬಿಸಿ ನೀರಲ್ಲಿ ಅಲ್ಲಾಡಿಸಿ ಚೆಲ್ಲಿರಬೇಕು.

ಗಂಟೆಗೆ ಒಂದೇ ಡಿಗ್ರಿ ಇಳಿಯಿತು. ರಸ ತಿಳಿಯಾಗಿ, ಹೊಂಬಣ್ಣದಲ್ಲಿ ಬಂತು. ಬಾರ್ಲಿ ಸಿಪ್ಪೆ ತಳದಲ್ಲಿ ಹಾಸಿಕೊಂಡು ತಾನೇ ಸೋಸುತ್ತದೆ. ಮೊದಲು ಬರುವ ಮಸುಕು ರಸವನ್ನು ಮತ್ತೆ ಮೇಲೆ ಸುರಿದರೆ ಆಯಿತು. ಮೇಲಿಂದ ಬಿಸಿ ನೀರು ಹಾಕಿ ತೊಳೆದ ಮೇಲೆ ಅಳತೆ 39 ಮುಟ್ಟಿತು. ಮೂರರಲ್ಲಿ ಇದೇ ಹೆಚ್ಚು. ಆದರೂ ಒಂದು ಕಿಲೋಗೆ ಇದು ದಂಡ. ಎರಡು ಪಾತ್ರೆ, ಒಂದು ಪೆಟ್ಟಿಗೆ, ನಲ್ಲಿ ತೊಳೆಯುವ ಕೆಲಸ, ಒಂದು ಗಂಟೆ ಹೆಚ್ಚಿನ ಸಮಯ. ಆ ಮೂರು ಅಂಕಿಯ ವ್ಯತ್ಯಾಸವನ್ನು ಒಂದು ಹಿಡಿ ಮಾಲ್ಟ್ ಜಾಸ್ತಿ ಹಾಕಿ ಚೀಲದಲ್ಲೇ ತುಂಬಿಸಬಹುದು. ಐದಾರು ಕಿಲೋ ಮಾಡುವ ದಿನ ಚೀಲ ಎತ್ತುವುದೇ ಕಷ್ಟ. ಆಗ ಪೆಟ್ಟಿಗೆ ನ್ಯಾಯ.

ರಾಗಿ ಈ ಲೆಕ್ಕವನ್ನೆಲ್ಲ ಬದಲಿಸುತ್ತದೆ. ಬರೀ ರಾಗಿ ಮಾಲ್ಟ್ ಹಾಕಿದರೆ ಐಸ್ ಬಾಕ್ಸ್‌ನ ನಲ್ಲಿ ಕಟ್ಟಿಕೊಂಡು ನಿಲ್ಲುತ್ತದೆ. ರಾಗಿಗೆ ಬಾರ್ಲಿಯಂಥ ಹೊಟ್ಟು ಇಲ್ಲ, ಸೋಸಲು ಏನೂ ಇಲ್ಲ. ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದು, ಚೆನ್ನಾಗಿ ತೊಳೆದು, ಎರಡು ಹಿಡಿ ಬೆರೆಸಿದರೆ ಹರಿಯುತ್ತದೆ. ಚೀಲದಲ್ಲಿ ರಸ ಬರುತ್ತದೆ, ಆದರೆ ಮಣ್ಣು ನೀರಿನ ಬಣ್ಣ. ಅಳತೆ 29 ದಾಟಲಿಲ್ಲ, ಅಯೋಡಿನ್ ಹನಿ ಕಪ್ಪು. ಕಾರಣ ಸರಳ. ಬಾರ್ಲಿಯ ಪಿಷ್ಟ 60ರಿಂದ 65 ಡಿಗ್ರಿಯೊಳಗೆ ಉಬ್ಬಿ ಬೇಯುತ್ತದೆ, ಕಿಣ್ವಕ್ಕೆ ಹಿತವಾದ ಬಿಸಿಯೂ ಅದೇ. ರಾಗಿಯ ಪಿಷ್ಟಕ್ಕೆ ಅದಕ್ಕಿಂತ ಜಾಸ್ತಿ ಬಿಸಿ ಬೇಕು. ಅಷ್ಟು ಬಿಸಿ ಕೊಟ್ಟರೆ ಕಿಣ್ವ ಸಾಯುತ್ತದೆ.

ಇದಕ್ಕೆ ಪರಿಹಾರ ಮೂರನೆಯ ದಾರಿ. ಪಶ್ಚಿಮ ಆಫ್ರಿಕಾದಲ್ಲಿ ಜೋಳದ ಮಾಲ್ಟ್‌ಗೆ ಹೀಗೇ ಮಾಡುತ್ತಾರೆ. ಒಡೆದ ರಾಗಿ ಮಾಲ್ಟ್ ಅನ್ನು 45 ಡಿಗ್ರಿಯ ಮೂರು ಲೀಟರ್ ನೀರಲ್ಲಿ ಕಲಸಿ ಅರ್ಧ ಗಂಟೆ ಬಿಡುವುದು. ಹಿಟ್ಟು ಕೆಳಗೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಕಿಣ್ವ ಕರಗಿರುವುದು ಆ ತಿಳಿಯಲ್ಲಿ. ಅದನ್ನು ಸೌಟಿನಲ್ಲಿ ಮೆಲ್ಲಗೆ ತೆಗೆದು ಬೇರೆ ಇಡಬೇಕು. ಕೆಳಗಿನ ಗಟ್ಟಿಯನ್ನು ಅಂಬಲಿ ಕಾಯಿಸಿದ ಹಾಗೆ ಕೈಬಿಡದೆ ತಿರುವುತ್ತಾ ಇಪ್ಪತ್ತು ನಿಮಿಷ ಕುದಿಸಬೇಕು. ಬೆಂದ ಗಟ್ಟಿ 80 ಡಿಗ್ರಿಗೆ ಇಳಿದ ಮೇಲೆ ಎರಡನ್ನೂ ಸೇರಿಸುವುದು. ಇಲ್ಲಿ ಎಚ್ಚರ ಬೇಕು. ಗಟ್ಟಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಳಿಗೆ ಹಾಕಬೇಕು. ತಿಳಿಯನ್ನು ಬಿಸಿ ಗಟ್ಟಿಗೆ ಸುರಿದರೆ ಮೊದಲು ಬಿದ್ದ ಕಿಣ್ವ ಅಲ್ಲೇ ಸುಟ್ಟುಹೋಗುತ್ತದೆ. ಎಲ್ಲ ಸೇರಿದಾಗ 63ರಿಂದ 65ಕ್ಕೆ ಬರುತ್ತದೆ.

ಆಮೇಲೆ ಪಾತ್ರೆಯನ್ನೇ ನೋಡುತ್ತಾ ನಿಲ್ಲಿ. ಸೌಟು ನಿಲ್ಲುವಷ್ಟು ದಪ್ಪ ಇದ್ದದ್ದು ಹತ್ತೇ ನಿಮಿಷದಲ್ಲಿ ನೀರಾಗುತ್ತದೆ. ಬೆರಳು ಅದ್ದಿ ನೆಕ್ಕಿದರೆ ಸಿಹಿ. ಸಕ್ಕರೆ ಹಾಕಿಲ್ಲ, ಬೆಲ್ಲ ಹಾಕಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿಗಳಾದ ಪಾಯೆನ್ ಮತ್ತು ಪೆರ್ಸೋ 1833ರಲ್ಲಿ ಮಾಲ್ಟ್‌ನಿಂದ ಬೇರ್ಪಡಿಸಿ ಡಯಾಸ್ಟೇಸ್ ಎಂದು ಹೆಸರಿಟ್ಟದ್ದು ಈ ಕೆಲಸ ಮಾಡುವ ಕಿಣ್ವಕ್ಕೇ. ಪುಸ್ತಕದಲ್ಲಿ ಓದುವುದು ಬೇರೆ, ನಮ್ಮದೇ ಒಲೆಯ ಮೇಲೆ ಕಣ್ಣೆದುರು ಆಗುವುದು ಬೇರೆ. ಮೂರರಲ್ಲಿ ನನಗೆ ಹೆಚ್ಚು ಖುಷಿ ಕೊಟ್ಟದ್ದು ಇದೇ ಗಳಿಗೆ. ಒಂದು ಗಂಟೆಯ ನಂತರ ಬಟ್ಟೆಯಲ್ಲಿ ಸೋಸಿ, ಆರು ಲೀಟರ್‌ಗೆ ನೀರು ಸೇರಿಸಿ ಅಳೆದರೆ 35. ಅದೇ ರಾಗಿ, ಅದೇ ತೂಕ. ಅಯೋಡಿನ್ ಹನಿ ಕಂದಾಗಿಯೇ ಉಳಿಯಿತು. ಸಮಯ ಮಾತ್ರ ಮೂರು ಗಂಟೆ ಮೀರುತ್ತದೆ, ತಳ ಹಿಡಿಯದಂತೆ ಕಾಯುವ ಕೆಲಸ ಬೇರೆ.

ರುಚಿಯಲ್ಲಿ ಮನೆಯವರು ಒಂದಾಗಲಿಲ್ಲ. ಬಾರ್ಲಿ ರಸ ಕುಡಿದು ಭಾವ, "ಚೊಲೋ ಇದ್ದು ತಮಾ, ಆದ್ರೆ ಸಿಹಿ ಜಾಸ್ತಿ ಆತು" ಎಂದರು. ರಾಗಿ ರಸ ಆಯಿಗೆ ಹಿಡಿಸಿತು. ಮಕ್ಕಳಿಗೆ ಅದರ ಒಗರು ಬೇಡವಾಯಿತು. ಬಿಯರ್‌ನಲ್ಲಿ ಸಿಹಿಯನ್ನು ತೂಗಿಸಲು ಹಾಪ್ಸ್ ಹೂವಿನ ಕಹಿ ಇರುತ್ತದೆ. ನಾನು ಕುದಿಸುವಾಗ ಕಂಚಿಕಾಯಿ ಸಿಪ್ಪೆಯ ಒಂದೆರಡು ಚೂರು, ಜಜ್ಜಿದ ಶುಂಠಿ, ನಾಲ್ಕು ಕಾಳುಮೆಣಸು ಹಾಕುತ್ತೇನೆ. ಸಿಪ್ಪೆಯನ್ನು ಹತ್ತು ನಿಮಿಷಕ್ಕೆ ತೆಗೆಯಬೇಕು, ಇಲ್ಲವಾದರೆ ಕಹಿಯೇ ಮೇಲಾಗುತ್ತದೆ. ಇಳಿಸಿದ ಮೇಲೆ ಲಿಂಬೆ.

ಈಗ ನಾನು ನೆಲೆ ನಿಂತಿರುವುದು ಬಟ್ಟೆ ಚೀಲದಲ್ಲೇ, ಮೂರನೆಯ ವಿಧಾನದ ಒಂದು ಪಾಲು ಅದಕ್ಕೆ ಸೇರಿಸಿ. ಏಳುನೂರು ಗ್ರಾಂ ಬಾರ್ಲಿ ಮಾಲ್ಟ್ ಚೀಲಕ್ಕೆ. ಮುನ್ನೂರು ಗ್ರಾಂ ರಾಗಿಯನ್ನು ಬೇರೆಯೇ ಕುದಿಸಿ, ಆರಿಸಿ, ಚೀಲದೊಳಗೇ ಸುರಿಯುವುದು. ಬಾರ್ಲಿಯ ಕಿಣ್ವ ಎರಡಕ್ಕೂ ಸಾಕಾಗುತ್ತದೆ. ಆದ್ದರಿಂದ ಈ ರಾಗಿಗೆ ಮೊಳಕೆಯೂ ಬೇಕಿಲ್ಲ, ಮನೆಯ ರಾಗಿ ಹಿಟ್ಟೇ ಆಗುತ್ತದೆ. ಮಳೆಗಾಲದಲ್ಲಿ ಇದೊಂದು ದೊಡ್ಡ ಅನುಕೂಲ. ಬಾರ್ಲಿಯ ಸಿಪ್ಪೆ ರಾಗಿಯನ್ನೂ ಸೋಸಿಕೊಡುತ್ತದೆ. ಒಗರು ಇಲ್ಲ, ಬಣ್ಣ ತಿಳಿ ಕಂದು. ಹೊಸದಾಗಿ ಶುರು ಮಾಡುವವರು ಮೊದಲು ಬರೀ ಬಾರ್ಲಿ ಮಾಡಿ ಕೈ ಕುದುರಿದ ಮೇಲೆ ಇದಕ್ಕೆ ಬನ್ನಿ.

ಕೊನೆಯದಾಗಿ ಇಡುವ ವಿಷಯ. ರಸವನ್ನು ಕನಿಷ್ಠ ಹದಿನೈದು ನಿಮಿಷ ಕುದಿಸಿ, ಪಾತ್ರೆಯನ್ನು ತಣ್ಣೀರಿನ ಟಬ್ಬಿನಲ್ಲಿಟ್ಟು ಬೇಗ ತಣಿಸಿ, ಫ್ರಿಜ್‌ನಲ್ಲಿಡಬೇಕು. ಎರಡು ದಿನದೊಳಗೆ ಮುಗಿಸಬೇಕು. ಕಾರವಾರದ ಸೆಕೆಯಲ್ಲಿ ಹೊರಗಿಟ್ಟರೆ ಗಾಳಿಯಲ್ಲಿರುವ ಈಸ್ಟ್ ಬಂದು ಮರುದಿನವೇ ನೊರೆ ಏಳುತ್ತದೆ. ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬಬೇಡಿ, ಒಳಗೆ ಗಾಳಿ ಕಟ್ಟಿದರೆ ಒಡೆಯುತ್ತದೆ. ಉಳಿದ ಹಿಂಡಿಯನ್ನು ಊರಲ್ಲಿದ್ದರೆ ಅದೇ ದಿನ ದನದ ಅಕ್ಕಚ್ಚಿಗೆ ಹಾಕುತ್ತೇವೆ. ಒಂದು ರಾತ್ರಿ ಬಿಟ್ಟರೂ ಹುಳಿಯಾಗುತ್ತದೆ.