ಜರ್ಬೆರಾ: ನಾಟಿಯೋ, ಪಾಲಿಹೌಸಿನದೋ, ಕುಂಡದ್ದೋ?

ಹುಬ್ಬಳ್ಳಿ-ಧಾರವಾಡದಲ್ಲಿ ಜರ್ಬೆರಾ ಹೂಗಿಡ ಹಚ್ಚಬೇಕು ಅಂದರೆ ಮೂರು ದಾರಿ ಇವೆ. ಹಳೇ ಮನೆಗಳ ಅಂಗಳದಲ್ಲಿ ಕಾಣುವ, ತೆಳ್ಳನೆ ಎಸಳಿನ ನಾಟಿ ಗಿಡ. ಪಾಲಿಹೌಸ್‌ನಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಮನೆಯಲ್ಲಿ ಬೆಳೆದು ಹೂಗುಚ್ಛಕ್ಕೆ ಹೋಗುವ ಹೈಬ್ರಿಡ್. ನರ್ಸರಿಯವರು ಹೂವಿನ ಸಮೇತ ಮಾರುವ ಕುಳ್ಳ ಗಿಡ. ಮೂರನ್ನೂ ಹುಬ್ಬಳ್ಳಿಯ ನಮ್ಮ ಹಿತ್ತಲಲ್ಲಿ ಬೆಳೆಸಿ ನೋಡಿದ್ದೇನೆ. ನೆಲದಲ್ಲಿ ಹಚ್ಚುವುದಾದರೆ ನನ್ನ ಓಟು ನಾಟಿಗೇ.

ಇದನ್ನು ತೀರ್ಮಾನ ಮಾಡುವುದು ಮಳೆಗಾಲ. ನೆದರ್ಲೆಂಡ್ಸ್‌ನಲ್ಲಿ ತೋಟಕ್ಕೆಂದೇ ಬೆಳೆಸಿದ ಗಾರ್ವಿನಿಯಾ ಎಂಬ ಜರ್ಬೆರಾ ತಳಿ ಮೈನಸ್ 5 ಡಿಗ್ರಿವರೆಗೆ ಚಳಿ ತಡೆಯುತ್ತದೆ. ನಮಗೆ ಚಳಿಯ ಚಿಂತೆ ಎಲ್ಲಿದೆ? ಜುಲೈ ತಿಂಗಳ ಜಿಟಿಜಿಟಿ ಮಳೆ ತಡೆಯುವ ಗಿಡ ಬೇಕು. ಎರೆಮಣ್ಣು ಒಮ್ಮೆ ನೆನೆದರೆ ನೀರು ಬಿಡುವುದೇ ಇಲ್ಲ. ಆಗ ಬುಡ ಕೊಳೆಸುವ ಫೈಟಾಫ್ತೊರಾ ರೋಗ ಬರುತ್ತದೆ. ಮೇಲೆ ಎಲೆ ಸ್ವಲ್ಪ ಬಾಡಿದಂತೆ ಕಾಣುತ್ತದೆ ಅಷ್ಟೆ. ಮೆಲ್ಲಗೆ ಎಳೆದರೆ ಇಡೀ ಎಲೆಗೊಂಚಲು ಕೈಗೆ ಬರುತ್ತದೆ, ಬುಡ ಕಂದಾಗಿ ಮೆತ್ತಗಾಗಿರುತ್ತದೆ.

ಹೈಬ್ರಿಡ್ ಹೀಗೆ ಹೋಗುವುದು ಜಾಸ್ತಿ. ಹೂ ಮಾತ್ರ ನಿಜಕ್ಕೂ ಚೆಂದ. ಅಂಗೈಯಗಲ, ಉದ್ದ ದಂಟು, ಎಷ್ಟೊಂದು ಬಣ್ಣ! ಆದರೆ ಬಯಲಲ್ಲಿ ಮಳೆಹನಿ ಬಿದ್ದು ಎಸಳಿಗೆ ಕಲೆ ಬೀಳುತ್ತದೆ, ಬಿಳಿನೊಣ ಮುತ್ತುತ್ತದೆ. ನಮ್ಮ ಬೋರ್‌ವೆಲ್ ನೀರು ಗಡಸು. ಅದು ಹೈಬ್ರಿಡ್‌ಗೆ ಬೇಗ ತಟ್ಟುತ್ತದೆ: ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಕಬ್ಬಿಣದಂಶ ಸಿಗದಿದ್ದರೆ ಹೀಗಾಗುತ್ತದೆ. ಚೀಲೇಟೆಡ್ ಐರನ್ (ಗಿಡ ಸುಲಭವಾಗಿ ಹೀರುವ ರೂಪದ ಕಬ್ಬಿಣ) ಸಿಂಪಡಿಸಿದರೆ ಹೊಸ ಎಲೆ ಸರಿಯಾಗಿ ಬರುತ್ತವೆ, ಆದರೆ ಆಗಾಗ ಮಾಡುತ್ತಲೇ ಇರಬೇಕು.

ನಾಟಿ ಗಿಡದ ಹೂ ಚಿಕ್ಕದು, ಬಣ್ಣವೂ ಹೆಚ್ಚಿಲ್ಲ. ನಮ್ಮಲ್ಲಿರುವುದು ಕಿತ್ತಳೆಗೆಂಪು. ಆದರೆ ಏಪ್ರಿಲ್ ಬಿಸಿಲಿಗೆ ಎಲೆ ಒಣಗಿದರೂ ಮೊದಲ ಮಳೆಗೆ ಮತ್ತೆ ಚಿಗುರುತ್ತದೆ. ಮಳೆಗಾಲ ಮುಗಿದ ಮೇಲೆ ಬುಡ ಸೀಳಿದರೆ ಮರಿ ಸಿಗುತ್ತವೆ, ದುಡ್ಡು ಕೊಟ್ಟು ತರುವುದೇ ಬೇಡ. ಪರಿಚಯದವರ ಮನೆಯಲ್ಲಿ ಕೇಳಿ, ಸಂತೋಷದಿಂದ ಕೊಡುತ್ತಾರೆ.

ಕುಂಡದ ಕುಳ್ಳ ಗಿಡ ಸೂರಿನ ಕೆಳಗೆ ಇಡುವವರಿಗೆ ಸರಿ. ಮನೆಯಲ್ಲಿ ಜಾಗ ಕಡಿಮೆ ಇದ್ದರೆ ಅದನ್ನೇ ತನ್ನಿ, ನೆಲಕ್ಕೆ ಮಾತ್ರ ಹಾಕಬೇಡಿ.

ಯಾವುದನ್ನೇ ಹಚ್ಚಿ, ಎರೆಮಣ್ಣಲ್ಲಿ ಮಡಿ ಒಂದಡಿ ಎತ್ತರ ಇರಲಿ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಹೊಸ ಎಲೆ ಮೂಡುವ ಸುಳಿ ಮಣ್ಣಿಗಿಂತ ಮೇಲೆ ಕಾಣುತ್ತಿರಬೇಕು. ಇದೊಂದು ತಪ್ಪಿದರೆ ನಾಟಿಯೂ ಉಳಿಯುವುದಿಲ್ಲ. ಗದಗಿನ ಕಡೆ ಮಸಾರಿ (ಕೆಂಪು ಮಣ್ಣಿನ) ನೆಲ ಇದ್ದವರಿಗೆ ಈ ಕಷ್ಟ ಅಷ್ಟಿಲ್ಲ, ಅಂಥವರು ಹೈಬ್ರಿಡ್ ಕೂಡ ಧೈರ್ಯವಾಗಿ ಹಚ್ಚಬಹುದು. ಮಧ್ಯಾಹ್ನದ ಬಿಸಿಲಿಗೆ ಒಂದು ನೆರಳುಬಲೆ ಕಟ್ಟಿದರೆ ಸಾಕು.