ಒಂದು ಮಳೆಗಾಲ ಹಾಕಿದ ಹಳದಿ ರೈನ್‌ಕೋಟು: ಐದಕ್ಕೆ ಮೂರು

2025ರ ಜೂನ್ ಮೊದಲ ವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ ರೈನ್‌ಕೋಟು ಇದು. ಜಾಕೆಟ್ಟು, ಪ್ಯಾಂಟು ಎರಡೂ ಸೇರಿ 1,450 ರೂಪಾಯಿ. 1,600 ಹೇಳಿದ್ದರು, ಚೌಕಾಸಿ ಮಾಡಿದೆ. ಕಂಪನಿ ಹೆಸರು ಬರೆಯುವುದಿಲ್ಲ, ಬೈಯುವುದು ಸ್ವಲ್ಪ ಇದೆ. "ಮೇಡಂ, ಇದನ್ನ ಹಾಕ್ಕೊಂಡು ತುಂಗೆಗೆ ಹಾರಿದ್ರೂ ಒಳಗೆ ಒಂದು ಹನಿ ಹೋಗಲ್ಲ" ಅಂದರು ಅಂಗಡಿಯವರು. ತುಂಗೆಗೆ ಹಾರಲಿಲ್ಲ. ಆದರೆ ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಇದನ್ನೇ ಹಾಕಿಕೊಂಡು ತೀರ್ಥಹಳ್ಳಿ, ಹೊಸನಗರ, ಸಾಗರ ಅಂತ ಸ್ಕೂಟರಿನಲ್ಲಿ ಸುತ್ತಿದ್ದೇನೆ. ಅದೂ ಹೆಚ್ಚು ಕಡಿಮೆ ಹಾರಿದ ಹಾಗೇ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಯಾಕೆ ಹೀಗೆ ಗೊಣಗುತ್ತಿದ್ದೇನೆ ಅಂತ ಗೊತ್ತಾಗಲ್ಲ. ಮಕ್ಕಳು, ಹದಿಹರೆಯದವರು, ಅವರ ಮನೆಯವರು, ಇವರ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ಫೀಲ್ಡ್ ವರ್ಕರ್ ನಾನು. ಶಾಲೆ ಬಿಟ್ಟ ಹುಡುಗ ಒಂದು ಕಡೆ, ಕುಡಿದು ಬಂದು ಹೊಡೆಯುವ ಅಪ್ಪ ಇನ್ನೊಂದು ಕಡೆ, ಮಗಳಿಗೆ ಹದಿನಾರು ತುಂಬುವ ಮೊದಲೇ ಗಂಡು ನೋಡಿಟ್ಟವರು ಮತ್ತೊಂದು ಕಡೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರೋ ಫೋನು ಮಾಡುತ್ತಾರೆ, ಅದು ಸುತ್ತಿ ಬಳಸಿ ಕೆಲವು ಸಲ ನಮ್ಮ ತನಕ ಬರುತ್ತದೆ, ಆವತ್ತು ಡಬ್ಬಿಯಲ್ಲಿದ್ದ ಚಿತ್ರಾನ್ನ ಸಂಜೆ ಹಾಗೇ ಮನೆಗೆ ವಾಪಸ್. ಮಗುವನ್ನು ಮನೆಯಿಂದ ಕರೆದುಕೊಂಡು ಬರಬೇಕಾದರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಮಳೆ ನಿಂತ ಮೇಲೆ ಹೋದರಾಯ್ತು ಅನ್ನುವ ಹಾಗಿಲ್ಲ.

ಬಸ್ಸಿಗೆ ಹೋಗಬಹುದಲ್ಲ ಅಂತ ಬೆಂಗಳೂರಿನ ಗೆಳತಿ ಕೇಳಿದಳು. ಶಕ್ತಿ ಯೋಜನೆ 2023ರ ಜೂನ್‌ನಲ್ಲೇ ಬಂದಿದೆ, ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ನಾನು ಹೋಗುವ ಊರುಗಳಿಗೆ ಬರುವುದು ಖಾಸಗಿ ಬಸ್ಸು. ಅದೂ ಬೆಳಿಗ್ಗೆ ಒಂದು, ಸಂಜೆ ಒಂದು.

ಮಳೆ ತಡೆಯುವುದರಲ್ಲಿ ಜಾಕೆಟ್ಟಿಗೆ ಪೂರ್ತಿ ಮಾರ್ಕು ಕೊಡುತ್ತೇನೆ. ಸಕ್ರೆಬೈಲಿನ ತನಕ ಬರುವ ಮಳೆಯೇ ಬೇರೆ, ಮಂಡಗದ್ದೆ ದಾಟಿದ ಮೇಲಿನ ಮಳೆಯೇ ಬೇರೆ, ಇನ್ನು ಆಗುಂಬೆ ಕಡೆಗೆ ತಿರುಗಿದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಸುರಿಯುವ ಜಾಗ. ಅಲ್ಲೂ ಹೆಗಲು, ಬೆನ್ನು ಒದ್ದೆಯಾಗಲಿಲ್ಲ. ಒಳಗಡೆ ಹೊಲಿಗೆಯ ಮೇಲೆ ಟೇಪು ಹಾಕಿದ್ದಾರೆ, ಕೊಳ್ಳುವಾಗ ತಿರುವಿ ಅದೊಂದನ್ನು ನೋಡಿ. ಟೇಪು ಇಲ್ಲದ ಕೋಟಿನಲ್ಲಿ ಸೂಜಿ ಹೋದ ಒಂದೊಂದು ತೂತಿನಿಂದಲೂ ನೀರು ಇಳಿಯುತ್ತದೆ.

ಪ್ಯಾಂಟು ಮಾತ್ರ ಮೋಸ. ಸ್ಕೂಟರಿನಲ್ಲಿ ಕೂತಾಗ ತೊಡೆಯ ಸಂದಿಯಲ್ಲಿ ನೀರು ಸಣ್ಣ ಕೆರೆಯ ಹಾಗೆ ನಿಲ್ಲುತ್ತದೆ. ಸರಿಯಾಗಿ ಅಲ್ಲೇ ನಾಲ್ಕು ಹೊಲಿಗೆ ಬಂದು ಸೇರುತ್ತವೆ. ಒಂದು ಗಂಟೆ ತಡೆಯುತ್ತದೆ, ಆಮೇಲೆ ನಿಧಾನಕ್ಕೆ ಒಳಗೆ. ಒದ್ದೆ ಚೂಡಿದಾರದಲ್ಲಿ ಪರರ ಮನೆ ಜಗಲಿಯ ಚಾಪೆ ಮೇಲೆ ಹೇಗೆ ಕೂರುವುದು ಹೇಳಿ. ನಾನು ನಿಂತೇ ಮಾತಾಡಿದ ಮನೆಗಳಿವೆ. ನಿಂತು ಮಾತಾಡುವವರ ಹತ್ತಿರ ಯಾರೂ ಮನೆಯ ಕಷ್ಟ ಬಿಚ್ಚಿ ಹೇಳಲ್ಲ, "ಏನಿಲ್ಲ ಮೇಡಂ, ಎಲ್ಲಾ ಸರಿ ಇದೆ" ಅಂದು ಕಳಿಸುತ್ತಾರೆ.

ಒಂದು ವಿಷಯಕ್ಕೆ ಈ ಕೋಟಿಗೆ ನಾನು ಋಣಿ. ಎದೆಯ ಹತ್ತಿರ ಒಳಜೇಬು ಇದೆ, ಎ4 ಹಾಳೆಯ ಫೈಲು ಮಡಚದೆ ಹಿಡಿಯುವಷ್ಟು ದೊಡ್ಡದು. ಒಂದು ಮನೆಯಲ್ಲಿ ಅಜ್ಜಿ, ಇಬ್ಬರು ಮೊಮ್ಮಕ್ಕಳು, ಅಷ್ಟೇ. ಮಗ ತೀರಿಕೊಂಡಿದ್ದಾನೆ. ಮಕ್ಕಳ ರಕ್ಷಣೆಗೆ ಅಂತ ಇರುವ ಕೇಂದ್ರ ಸರ್ಕಾರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಇಂಥ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ, ಆದರೆ ಕಾಗದಪತ್ರ ಬೇಕಲ್ಲ. ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ರೇಷನ್ ಕಾರ್ಡು, ಶಾಲೆಯ ಸರ್ಟಿಫಿಕೇಟು, ಪಾಸ್‌ಬುಕ್ಕು. ಮರಣ ಪ್ರಮಾಣಪತ್ರ ಒಂದಕ್ಕೇ ಅಜ್ಜಿ ಮೂರು ಸಲ ಓಡಾಡಿದ್ದರು. ಸಕ್ಕರೆ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು, ಕೊಟ್ಟ ಮೇಲೂ ಒಂದು ತುದಿ ಬಿಡಲಿಲ್ಲ. "ನೆನೆಸ್ಬೇಡ ತಂಗಿ" ಅಂದರು. ಆವತ್ತು ವಾಪಸ್ ಬರುವಾಗ ಹೊಟ್ಟೆ ಮುಂದೆ ಬಂದು ಏಳು ತಿಂಗಳ ಬಸುರಿಯ ಹಾಗೆ ಕಾಣುತ್ತಿದ್ದೆ, ದಾರಿಯಲ್ಲಿ ಒಬ್ಬರು ಪಾಪ ನಿಲ್ಲಿಸಿ ಜಾಗ್ರತೆ ಹೇಳಿದರು. ಫೈಲಿನ ಒಂದು ಮೂಲೆಯೂ ನೆನೆದಿರಲಿಲ್ಲ. ಎರಡು ಸ್ಟಾರು ಈ ಜೇಬಿಗೇ.

ಗಾಳಿಗೆ ಮಾತ್ರ ಹಾಕಬೇಡಿ. ಸಿಗಂದೂರಿನ ಕಡೆ ಹೋಗುವಾಗ ಮೊದಲೆಲ್ಲ ಲಾಂಚಿಗೆ ಕಾಯಬೇಕಿತ್ತು, ಲಾಂಚು ತಪ್ಪಿದರೆ ಅರ್ಧ ದಿನದ ಕೆಲಸ ಹೋಯ್ತು ಅಂತಲೇ ಲೆಕ್ಕ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯಿತು. ಎರಡೂ ಕಾಲು ಕಿಲೋಮೀಟರಿಗೂ ಉದ್ದ, ಕೆಳಗೆ ಪೂರ್ತಿ ಶರಾವತಿ ಹಿನ್ನೀರು. ಸೇತುವೆಯ ನಡುವೆ ಗಾಳಿ ಕೋಟಿನೊಳಗೆ ನುಗ್ಗಿ ನಾನು ಬಲೂನು. ಸೊಂಟಕ್ಕೆ ದಾರವಿಲ್ಲದ ಕೋಟು ಕೊಂಡರೆ ಹೀಗೇ. ನಾನು ಈಗ ಅಮ್ಮನ ಹಳೇ ಸೀರೆಯ ಅಂಚು ಕಟ್ಟಿಕೊಳ್ಳುತ್ತೇನೆ.

ಈಗ ದೊಡ್ಡ ದೂರು. ಬಣ್ಣ. ಕಣ್ಣಿಗೆ ಹೊಡೆಯುವ ಹಳದಿ, ಬೆನ್ನ ಮೇಲೆ ಮಿಂಚುವ ಪಟ್ಟಿ ಬೇರೆ. ಮಂಜಿನಲ್ಲಿ ಲಾರಿಯವರಿಗೆ ಕಾಣಬೇಕು, ಒಪ್ಪುತ್ತೇನೆ. ಆದರೆ ಲಾರಿಯವರಿಗೆ ಕಂಡದ್ದು ಊರಿಗೆಲ್ಲ ಕಾಣುತ್ತದೆ. ಗದ್ದೆಯಲ್ಲಿ ಸಸಿ ನೆಡುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡುತ್ತಾರೆ. ಎರಡನೇ ಸಲ ಹೋದಾಗ ಕಿರಾಣಿ ಅಂಗಡಿ ಮುಂದೆ ಒಬ್ಬರು "ಓ, ಮಕ್ಳ ಮೇಡಂ ಬಂದ್ರು, ಇವತ್ತು ಯಾರ ಮನೆ?" ಅಂತ ಕೇಳಿದರು. ಮಗುವಿನ ಹೆಸರು, ಗುರುತು ಹೊರಗೆ ಹೇಳಬಾರದು ಅಂತ ಕಾನೂನೇ ಇದೆ. ನಾನು ಬಾಯಿ ಬಿಡಲ್ಲ. ಕೋಟು ಹೇಳಿಬಿಡುತ್ತದೆ. ಯಾರ ಅಂಗಳದ ತಂತಿಯಲ್ಲಿ ಹಳದಿ ಕೋಟು ನೇತಾಡುತ್ತಿದೆಯೋ ಆ ಮನೆಯ ಹುಡುಗಿಯ ಬಗ್ಗೆ ಸಂಜೆಗೆ ನಾಲ್ಕು ಮಾತು ಹುಟ್ಟುತ್ತವೆ. ಊರಿನ ಹೆಸರು ಕೇಳಬೇಡಿ.

ಅದರ ಮೇಲೆ ಸದ್ದು. ಕೈ ಅಲ್ಲಾಡಿಸಿದರೆ ಚರಪರ. ಒಂದು ದಿನ ಹುಡುಗಿಯೊಬ್ಬಳು ಅಡುಗೆಮನೆ ಬಾಗಿಲಿಗೆ ಒರಗಿ, ಅಮ್ಮನಿಗೆ ಕೇಳದ ಹಾಗೆ ಏನೋ ಹೇಳಲು ಶುರು ಮಾಡಿದಳು. ನಾನು ಇನ್ನೂ ಕೋಟು ಬಿಚ್ಚಿರಲಿಲ್ಲ. ಕೇಳಿಸದೆ ಸ್ವಲ್ಪ ಮುಂದೆ ಬಾಗಿದೆ. ಚರಪರ ಅಂತು. ಅವಳು ಸುಮ್ಮನಾದಳು. ಆ ಮಾತು ಮತ್ತೆ ಬರುವುದಕ್ಕೆ ಮೂರು ವಾರ ಹಿಡಿಯಿತು, ಅಷ್ಟರಲ್ಲಿ ನಾನು ಆ ಮನೆಗೆ ಎರಡು ಸಲ ಹೋಗಿ ಬರೀ ಟೀ ಕುಡಿದು ಬಂದಿದ್ದೆ.

ಈಗ ಒಂದು ಉಪಾಯ ಮಾಡಿದ್ದೇನೆ. ಊರು ಮುಟ್ಟಿದ ಕೂಡಲೇ ಅಂಗನವಾಡಿಯ ಮೊಳೆಗೆ ಕೋಟು ನೇತುಹಾಕಿ, ಅಲ್ಲಿಂದ ಕಪ್ಪು ಕೊಡೆ ಹಿಡಿದು ನಡೆದುಹೋಗುತ್ತೇನೆ. ಕಾಲಿಗೆ ಉಂಬಳ ಹತ್ತುತ್ತವೆ, ಹತ್ತಲಿ. ಕೊಡೆಯಲ್ಲಿ ಹೋದರೆ ಯಾರದೋ ಮನೆಯ ನೆಂಟರ ಹಾಗೆ ಕಾಣುತ್ತೇನೆ. ಅಂಗನವಾಡಿ ಟೀಚರಿಗೆ ಮಾತ್ರ ನನ್ನಿಂದ ನೆಲ ಒರೆಸುವ ಕೆಲಸ ಜಾಸ್ತಿಯಾಗಿದೆ, ಅವರು ಏನೂ ಅನ್ನುವುದಿಲ್ಲ, ಒಂದು ಬಕೆಟ್ ತಂದು ಕೆಳಗೆ ಇಟ್ಟಿದ್ದಾರೆ.

ಒಣಗಿಸುವಾಗ ಎಚ್ಚರ. ನಾನು ಬುದ್ಧಿಯಿಲ್ಲದೆ ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೆ, ಶಾಖಕ್ಕೆ ಬಲಗೈಯ ಟೇಪು ಎದ್ದು ಬಂತು. ಒದ್ದೆಯಲ್ಲೇ ಮಡಚಿ ಡಿಕ್ಕಿಯಲ್ಲಿಟ್ಟರೆ ಬೂಷ್ಟು. ಗಾಳಿಯಾಡುವ ಕಡೆ ತಲೆಕೆಳಗಾಗಿ ನೇತುಹಾಕಿ, ಮಲೆನಾಡಿನಲ್ಲಿ ಅದಕ್ಕೆ ಎರಡು ದಿನ ಬೇಕು.

ಸೆಪ್ಟೆಂಬರಿನಲ್ಲಿ ಅದೇ ಅಂಗಡಿಗೆ ಹೋಗಿ ಇದನ್ನೇ ಬೂದಿ ಬಣ್ಣದಲ್ಲಿ, ಸದ್ದು ಮಾಡದ ಬಟ್ಟೆಯಲ್ಲಿ ಕೇಳಿದೆ. "ಹಳದಿನೇ ಚೆನ್ನಾಗಿ ಓಡೋದು ಮೇಡಂ, ದೂರದಿಂದ್ಲೇ ಗೊತ್ತಾಗತ್ತಲ್ಲ" ಅಂದರು. ಅದೇ ತಾನೇ ನನ್ನ ಸಮಸ್ಯೆ ಅಂತ ಹೇಳುವ ಮೊದಲು ಫೋನು ಬಂತು, ಹೊಸನಗರದಿಂದ. ಕೋಟು ಸ್ಕೂಟರಿನ ಮೇಲೇ ಇತ್ತು, ಹಾಕಿಕೊಂಡು ಹೊರಟೆ.